ದಿನಕ್ಕೆರಡು ಸಲ ಕುರ್ಚಿ

ಆ ಊರಿನಲ್ಲಿ ಮಾತ್ರೆಗಳ ಕಾಲ ಮುಗಿದಿತ್ತು. ಡಾಕ್ಟರು ಮರ್ಯಾದೆಯನ್ನೇ ಬರೆದುಕೊಡುತ್ತಿದ್ದರು. ಮನೆಗೆಲಸದ ಚೌಡಮ್ಮನ ಊದಿದ ಕಾಲು ನೋಡಿ ಬರೆದರು: ದಿನಕ್ಕೆರಡು ಸಲ ಕೆಲಸದ ಮನೆಯಲ್ಲಿ ಕುರ್ಚಿ, ಮನೆಯವರ ಲೋಟದಲ್ಲೇ ಕಾಫಿ. ತಪ್ಪಿದರೆ ಕಾಲು ಉಳಿಯುವುದಿಲ್ಲ.

ಚೀಟಿ ಓದಿದ ಮನೆಯೊಡತಿ ವಿಶಾಲಾಕ್ಷಮ್ಮ ಸೋಫಾದಲ್ಲಿ ಕೂತೇ ಗೋಡೆಯ ಮೇಲಿದ್ದ ತಮ್ಮ ಚೀಟಿ ತೋರಿಸಿದರು. ಬಿ.ಪಿ.ಗೆ: ದಿನಕ್ಕೆರಡು ಸಲ, ಎದುರಿಗೆ ಕೆಲಸದವರು ಕೈಕಟ್ಟಿ ನಿಂತಿರಬೇಕು.

"ನೀನು ಕೂತ್ರೆ ನನ್ನ ಬಿ.ಪಿ. ಏರತ್ತೆ ಕಣೇ. ಏನ್ಮಾಡ್ಲಿ, ನೀನೇ ಹೇಳು."

"ಅಯ್ಯೋ, ಮೊದ್ಲು ನೀವು ಹುಷಾರಾಗಿ ಅಮ್ಮಾವ್ರೆ. ಆಮೇಲೆ ನಾನು ಕೂತ್ಕೋತೀನಿ."

"ಹುಷಾರಾಗೋದೆಲ್ಲಿ ಬಂತು? ಇದು ಸಾಯೋವರ್ಗೂ ತಗೋಬೇಕಾದ ಔಷಧಿ."

ಕಾಲು ಸಿಡಿಯುತ್ತಿತ್ತು. ಚೌಡಮ್ಮ ಮೆಲ್ಲಗೆ ಗೋಡೆಗೆ ಒರಗಿದಳು.

"ಒರಗ್ಬೇಡ ಕಣೇ," ವಿಶಾಲಾಕ್ಷಮ್ಮ ಅಕ್ಕರೆಯಿಂದಲೇ ಹೇಳಿದರು, "ಡೋಸು ಕಮ್ಮಿಯಾಗತ್ತೆ."