ಸಾಕ್ಷಿಗೆ ಬಂದವಳು

"ಸಾಕ್ಷಿ ಹಾಕೋರು ಮಧ್ಯೆ ಬಾಯಿ ಹಾಕಬಾರದಮ್ಮ," ಎಂದು ವಕೀಲರು ಮೂರನೆಯ ಸಲ ಹೇಳಿದರು. ಹೇಳಿದ್ದು ಯಾರಿಗೆ? ಇಡೀ ಬೀದಿಯೇ 'ಹಾರ್ನ್' ಎಂದು ಹೆಸರಿಟ್ಟಿದ್ದ ನಾದಿನಿಗೆ! ಶಾಲೆಯ ಬಸ್ಸು ಓಡಿಸುವವಳು. ಬಸ್ಸಿನ ಹಾರ್ನ್ ಕೆಟ್ಟರೂ ಆಕೆಯ ಕೆಲಸ ನಿಲ್ಲುತ್ತಿರಲಿಲ್ಲ, ಅಂಥ ಗಂಟಲು.

ಪಕ್ಕದಲ್ಲಿ ಕೂತಿದ್ದ ಅವಳ ಅತ್ತಿಗೆ, ಅಂದರೆ ಲಾಂಡ್ರಿ ನಡೆಸುವ ಲಾಂಡ್ರಿ ಅಮ್ಮ, ತುಟಿ ಕಚ್ಚಿಕೊಂಡಳು. ಮುಂದಿನ ವಾರ ಅವಳ ಎದೆಯ ಆಪರೇಷನ್. ಅಷ್ಟರೊಳಗೆ ವಿಲ್ ಆಗಬೇಕಿತ್ತು. ಲಾಂಡ್ರಿ, ಅದರ ಮೇಲಿನ ಮನೆ, ಎಲ್ಲವೂ ಮಗನಿಗೆ. ಅದರಲ್ಲಿ ಎರಡು ಮಾತಿರಲಿಲ್ಲ. ಆದರೆ ಗಂಡ ತೀರಿಕೊಂಡ ಮನೆಯಲ್ಲಿ ಮಗನನ್ನು ಯಾರ ಕೈಗೆ ಒಪ್ಪಿಸುವುದು? ಅವನ ಮೀಸೆ ಆಗಲೇ ನರೆಯತೊಡಗಿತ್ತು, ಬುದ್ಧಿ ಮಾತ್ರ ಒಂದನೇ ಕ್ಲಾಸಿನಲ್ಲೇ ನಿಂತುಬಿಟ್ಟಿತ್ತು. ಗಾಜಿನ ಬಾಗಿಲಾಚೆ ಅವನು ಸ್ಟ್ಯಾಂಡಿಗೆ ನೇತುಹಾಕಿದ್ದ ವಕೀಲರ ಕರಿಕೋಟುಗಳಿಗೆಲ್ಲ ಒಂದೊಂದಾಗಿ ಗುಂಡಿ ಹಾಕುತ್ತ ಹಾಯಾಗಿದ್ದ.

ನಾದಿನಿಯನ್ನು ಕೇಳೋಣವೆಂದು ಎಷ್ಟು ಸಲ ಮಾತು ನಾಲಗೆ ತುದಿಗೆ ಬಂದಿತ್ತೋ! ಕೇಳಿರಲಿಲ್ಲ. ಲಾಂಡ್ರಿ ಅಮ್ಮ ಮದುವೆಯಾಗಿ ಬಂದ ದಿನದಿಂದ ಇಬ್ಬರೂ ಹಾವು ಮುಂಗುಸಿ. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎನ್ನುವುದಕ್ಕೂ ವಾರಗಟ್ಟಲೆ ಮಾತು ಬಿಟ್ಟವರು. ಅಂಥವಳ ಮುಂದೆ ಕೈಯೊಡ್ಡಿ 'ಆಗಲ್ಲ' ಅನ್ನಿಸಿಕೊಂಡರೆ? ಅದಕ್ಕೇ ಊರಾಚೆಯ ಪಾಲನಾಗೃಹವೊಂದರ ಹೆಸರು ಬರೆಸಿ, ನಾದಿನಿಯನ್ನು ಬರೀ ಸಾಕ್ಷಿಯ ಸಹಿಗೆಂದು ಕರೆತಂದಿದ್ದಳು. ಈಗ ವಕೀಲರು ಓದುತ್ತಿದ್ದದ್ದು ವಿಲ್ ಜೊತೆ ಇಡುವ ಇನ್ನೊಂದು ಪತ್ರ. ಮುಂದೆ ಮಗನನ್ನು ನೋಡಿಕೊಳ್ಳುವವರಿಗೆ ಅವನ ರೀತಿನೀತಿ ತಿಳಿಸುವಂಥದ್ದು.

"ಹಾಲು ಬಿಸಿಯಿದ್ದರೆ ಮುಟ್ಟುವುದಿಲ್ಲ," ಎಂದು ಅವರು ಓದಿದರು.

"ಯಾರು ಹೇಳಿದ್ದು?" ಹಾರ್ನ್ ಮತ್ತೆ ಶುರುವಾಯಿತು. "ನಮ್ಮನೇಲಿ ಬಿಸಿಬಿಸಿ ಕುಡೀತಾನೆ. ಲೋಟಕ್ಕೆ ಮುಚ್ಚಳ ಇರ್ಬೇಕು, ಅಷ್ಟೆ. ಹಬೆ ಕಂಡ್ರೆ ಹೆದರ್ತಾನೆ."

"ಅವನನ್ನ ಹೆತ್ತವಳು ನಾನೋ ನೀನೋ?"

"ಹೆತ್ತವಳು ನೀನೇ ಕಣಮ್ಮ. ನಾನು ಅಲ್ಲ ಅಂದ್ನಾ?"

ವಕೀಲರು ಕೆಮ್ಮಿ ಮುಂದುವರಿಸಿದರು. "ಕೂದಲು ಕತ್ತರಿಸುವಾಗ ಇಬ್ಬರು ಹಿಡಿದುಕೊಳ್ಳಬೇಕು."

"ಇಬ್ಬರು ಹಿಡಿಯೋಕೆ ಅವನೇನು ಕಳ್ಳನಾ? ನಾನು ಕರ್ಕೊಂಡು ಹೋದಾಗ ಮೊದಲು ಕುರ್ಚಿ ಮೇಲೆ ನಾನೇ ಕೂರ್ತೀನಿ. ನನ್ನ ಕೂದ್ಲು ಒಂದಿಷ್ಟು ಕತ್ತರಿಸಿದ್ದನ್ನ ನೋಡಿ ಬಿದ್ದು ಬಿದ್ದು ನಗ್ತಾನೆ. ಆಮೇಲೆ ತಾನೇ ಬಂದು ಕೂತ್ಕೋತಾನೆ."

ಲಾಂಡ್ರಿ ಅಮ್ಮ ತಲೆಯೆತ್ತಿ ನಾದಿನಿಯ ಕೂದಲನ್ನು ನೋಡಿದಳು. ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ. 'ಮುದಿಗಾಲಕ್ಕೆ ಫ್ಯಾಷನ್ ನೋಡು' ಎಂದು ಬೀದಿಯಲ್ಲೆಲ್ಲ ಆಡಿಕೊಂಡು ನಕ್ಕವಳು ತಾನೇ.

"ಅದಿರ್ಲಿ," ಎಂದಳು ಹಾರ್ನ್, "ಇದನ್ನೆಲ್ಲ ಓದ್ಕೊಂಡು ಅವನನ್ನ ನೋಡ್ಕೊಳ್ಳೋರು ಯಾರು?"

ವಕೀಲರು ಲಾಂಡ್ರಿ ಅಮ್ಮನನ್ನು ನೋಡಿದರು. ಅವಳು ನೆಲ ನೋಡಿದಳು. "ಊರಾಚೆ ಒಂದು ಪಾಲನಾಗೃಹ ಇದೆ. ಚೆನ್ನಾಗಿ ನೋಡ್ಕೋತಾರಂತೆ."

ಹಾರ್ನ್ ಕುರ್ಚಿಯನ್ನು ಅತ್ತಿಗೆಯ ಕಡೆಗೆ ತಿರುಗಿಸಿಕೊಂಡಳು. ಯಾರೂ ಕೇಳರಿಯದಷ್ಟು ಮೆಲ್ಲಗೆ, "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಅತ್ತಿಗೆ?" ಎಂದಳು.

"ನೀನು ಇಲ್ಲ ಅಂದಿದ್ರೆ ನಾನೆಲ್ಲಿಗೆ ಹೋಗ್ಲಿ? ನೀನಾದ್ರೂ ಹೇಳ್ಬಹುದಿತ್ತಲ್ಲ!"

"ನಾನಾಗಿ ಹೇಳಿದ್ರೆ, ಲಾಂಡ್ರಿ ಮೇಲೆ ಕಣ್ಣು ಹಾಕಿದ್ಲು ಅಂತಿದ್ದೆ. ಅಂತಿದ್ಯೋ ಇಲ್ವೋ, ಎದೆ ಮುಟ್ಕೊಂಡು ಹೇಳು."

ಲಾಂಡ್ರಿ ಅಮ್ಮ ನಿಜವಾಗಿಯೂ ಎದೆ ಮುಟ್ಟಿಕೊಂಡಳು. "ಅಂತಿದ್ದೆ," ಎಂದವಳೇ ಅತ್ತುಬಿಟ್ಟಳು. ಆಪರೇಷನ್ ಅಂದಾಗ ಡಾಕ್ಟರ ಮುಂದೆ ಒಂದು ಹನಿ ಕಣ್ಣೀರೂ ಹಾಕದವಳು, ಕಂಡರಿಯದ ವಕೀಲರ ಮುಂದೆ ಮಗುವಿನಂತೆ ಅತ್ತಳು.

"ಅಳೋದೇನಿದೆ ಇದ್ರಲ್ಲಿ? ಅವನನ್ನ ಬೇರೆಯವರ ಹತ್ರ ಬಿಟ್ಟು ನಾನು ಊಟ ಮಾಡ್ತೀನಾ? ಸಾರ್, ಆ ಪಾಲನಾಗೃಹಾನ ಹೊಡೆದುಹಾಕಿ. ನನ್ನ ಹೆಸರು ಬರೀರಿ."

ವಕೀಲರು ಪೆನ್ನೆತ್ತಿದರು. "ಆಗ್ಲಿ. ಆದ್ರೆ ಅವನ ಜೊತೆ ಮೇಲಿನ ಮನೆಯಲ್ಲಿರೋ ಹಕ್ಕು ನಿಮಗೂ ಬರೀಬೇಕಾಗುತ್ತೆ. ಹಕ್ಕು ಪಡೆಯೋರು ಸಾಕ್ಷಿ ಹಾಕೋ ಹಾಗಿಲ್ಲ."

"ಸಾಕ್ಷಿಯಲ್ಲ ಅಂದ್ಮೇಲೆ ಬಾಯಿ ಹಾಕ್ಬಹುದಲ್ಲ?"

"ಧಾರಾಳವಾಗಿ," ಎಂದು ವಕೀಲರು ಕೈಮುಗಿದರು.

ಮುಂದಿನದೆಲ್ಲ ಸರಸರನೆ ನಡೆಯಿತು. ಪತ್ರಗಳು ಹೊಸದಾಗಿ ಅಚ್ಚಾಗಿ ಬಂದವು. ಮೊದಲನೆಯ ಸಾಕ್ಷಿಗೆ ಗುಮಾಸ್ತರಿದ್ದರು. ಎರಡನೆಯದಕ್ಕೆ ಕೆಳಗಿನ ಕನ್ನಡಕದ ಅಂಗಡಿಯವನನ್ನು ಮೆಟ್ಟಿಲು ಹತ್ತಿಸಿ ಕರೆತಂದರು. ಲಾಂಡ್ರಿ ಅಮ್ಮ ಪುಟಪುಟಕ್ಕೂ ಸಹಿ ಹಾಕಿದಳು. ಹೊರಗೆ ಬಂದಾಗ ಬೀದಿ, ಬಿಸಿಲು, ಬಸ್ಸಿನ ಗದ್ದಲ ಎಲ್ಲವೂ ಹಿತವೆನಿಸಿತು. ಮಗ ಅಂಗಡಿಗಳ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ ಮುಂದೆ ಮುಂದೆ ನಡೆದ.

"ಅಬ್ಬಾ! ಎದೆ ಮೇಲಿನ ಕಲ್ಲು ಇಳೀತು," ಎಂದಳು ಲಾಂಡ್ರಿ ಅಮ್ಮ. "ಇನ್ನು ಆಪರೇಷನ್‌ನಲ್ಲಿ ನಾನು ಸತ್ರೂ ಚಿಂತೆಯಿಲ್ಲ."

"ನಿನಗಿಲ್ಲ, ಸರಿ!" ಹಾರ್ನ್ ಗಕ್ಕನೆ ನಿಂತು, ಕಣ್ಣೊರೆಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಗದರಿದಳು. "ಅವನನ್ನ ನೋಡ್ಕೊಳ್ಳೋಕೆ ನಾನಿದೀನಿ. ನನ್ನ ಜೊತೆ ಜಗಳ ಆಡೋಕೆ ಯಾರಿದಾರೆ? ನಡಿ ವಾಪಸ್ಸು, ಅದಕ್ಕೂ ಒಬ್ಬರ ಹೆಸರು ಬರೆಸು."