ಸಂತನ ಪಾದಕ್ಕೆ ಸವರಿದ ಕರವಸ್ತ್ರ

ಅತ್ತೆಯ ತುಟಿಗೆ ಇನ್ನೇನು ಸೋಕಬೇಕು ಅನ್ನುವಷ್ಟರಲ್ಲಿ ಆಲಿಶಾ ಕರವಸ್ತ್ರವನ್ನು ಕಿತ್ತುಕೊಂಡಳು. ಮಲೇಷ್ಯಾದ ಪುಚೊಂಗಿನ ಫ್ಲ್ಯಾಟಿನಲ್ಲಿ, ಏಸುವಿನ ಪಟದ ಮುಂದೆ ಮೊಣಕಾಲೂರಿದ್ದ ಅತ್ತೆ ಜುಲಿಯಾನ ಬೆಚ್ಚಿಬಿದ್ದರು.

“ಎಂತಾಯ್ತು ಆಲಿಶಾ? ಪವಿತ್ರ ವಸ್ತು ಅದು!”

ಆಲಿಶಾಳ ಇನ್ನೊಂದು ಕೈಯಲ್ಲಿ ಫೋನಿತ್ತು, ಅದರಲ್ಲಿ ಸುದ್ದಿಯ ವಿಡಿಯೊ. ನಾಲ್ಕು ದಿನದ ಹಿಂದೆ ಅವಳು ನೋಡಿ ಬಂದ ಇಟಲಿಯ ಪುಟ್ಟ ಊರಿಗೆ, ಸೋಂಕು ಹರಡಿತೆಂದು ಪೊಲೀಸರು ಬೇಲಿ ಹಾಕುತ್ತಿದ್ದರು. ಆಫೀಸಿನ ಕೆಲಸಕ್ಕೆ ಮಿಲಾನಿಗೆ ಹೋದವಳು, ಒಂದು ದಿನ ಬಿಡುವು ಸಿಕ್ಕಿತೆಂದು ಹಿಂದುಮುಂದು ನೋಡದೆ ರೈಲು ಹತ್ತಿದ್ದಳು. ನೋಡಬೇಕೆಂದಿದ್ದ ಕೋಟೆ ಮುಚ್ಚಿತ್ತು. ಚಳಿ ತಡೆಯದೆ ಇಗರ್ಜಿಗೆ ನುಗ್ಗಿದಳು. ಅಲ್ಲಿ ಕೆಮ್ಮುತ್ತಿದ್ದ ಮುದುಕರ ಸಾಲಿನಲ್ಲಿ ತಾನೂ ನಿಂತು, ಎಲ್ಲರೂ ಮುತ್ತಿಡುತ್ತಿದ್ದ ಸಂತನ ಪ್ರತಿಮೆಯ ಪಾದಕ್ಕೆ, ಅತ್ತೆಯ ದಮ್ಮು ವಾಸಿಯಾಗಲೆಂದು ಈ ಕರವಸ್ತ್ರ ಸವರಿದ್ದಳು.

“ಇದಕ್ಕೆ ಮೊದಲೇ ಮುತ್ತಿಟ್ಟಿಲ್ಲ ಅಲ್ವಾ ಮಮ್ಮಿ? ನಿಜ ಹೇಳಿ.”

“ಇಲ್ಲ ಮಾರಾಯ್ತಿ.”

ಆಲಿಶಾ ಹಿಡಿದಿದ್ದ ಉಸಿರು ಬಿಟ್ಟಳು.

“ಮಧ್ಯಾಹ್ನ ಜಪಕ್ಕೆ ಬಂದಿದ್ದರಲ್ಲ, ಆ ಹನ್ನೊಂದು ಮಂದಿಗೂ ಮೊದಲು ಕೊಟ್ಟೆ,” ಎಂದರು ಜುಲಿಯಾನ, ಸಂತೋಷದಿಂದ. “ಪಕ್ಕದ ಮನೆಯ ಮಗು ಬಿಡಲೇ ಇಲ್ಲ, ಬಾಯಿಗೇ ಹಾಕಿಕೊಂಡಿತು. ನನ್ನ ಸರದಿ ಕೊನೆಗಿರಲಿ ಅಂತ ಇಟ್ಟುಕೊಂಡಿದ್ದೆ.”