ಸಾಕ್ಷಿಗೆ ಏಳು ಹೆಬ್ಬಾತು

ಗಂಡು ಹೆಬ್ಬಾತು ದೂಮಪ್ಪನ ಮುಂಡಿನ ತುದಿ ಕಚ್ಚಿ ಎಳೆಯುತ್ತಿತ್ತು. ಉಳಿದ ಆರು ಕತ್ತು ಚಾಚಿ ಬುಸುಗುಟ್ಟುತ್ತ ಹಿಂದೆಯೇ ಬರುತ್ತಿದ್ದವು. ಕೆರೆಯ ದಂಡೆಯಲ್ಲಿ ನಿಂತಿದ್ದ ಲಿಗೋರಿ ಮತಾಯಸನಿಗೆ ಒಳಗೊಳಗೇ ಖುಷಿ. ಕಾರ್ಕಳದಿಂದ ಬುಟ್ಟಿಯಲ್ಲಿ ತುಂಬಿ, ಬಸ್ಸಿನ ಕಂಡಕ್ಟರನ ಬೈಗುಳ ತಿಂದು ತಂದದ್ದು ಸಾರ್ಥಕವಾಯಿತು.

“ಬಾಯಮ್ಮ, ನೇಜಿಯ ಸಸಿ ಎಲ್ಲ ತಿಂದು ಹಾಕಿದವು,” ದೂಮಪ್ಪ ಮುಂಡು ಬಿಡಿಸಿಕೊಳ್ಳುತ್ತ ಹೇಳಿದ. “ಇನ್ನು ನಾಟಿಗೆ ಎಂತ ಮಾಡುವುದು ನಾನು?”

ಜೆರ್ಟ್ರೂಡ್ ಜಗಲಿಯಿಂದ ಇಳಿಯಲಿಲ್ಲ. “ಬೇಲಿ ಕಟ್ಟು. ನಿನ್ನ ಗದ್ದೆಗೆ ನೀನು ಬೇಲಿ ಕಟ್ಟಬೇಕು, ನಾನಲ್ಲ. ಬಾತುಗಳು ಇಲ್ಲೇ ಇರುವುದು.”

ದೂಮಪ್ಪ ಗೊಣಗುತ್ತ ಹೋದ. ಲಿಗೋರಿ ಅಣ್ಣನ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. “ವೊನಿ, ಬೈದದ್ದು ಒಳ್ಳೆಯದಾಯಿತು. ಆದರೆ ‘ನಿನ್ನ ಗದ್ದೆ’ ಎಂದು ಬಾಯಿ ತಪ್ಪಿಯೂ ಹೇಳಬೇಡಿ.”

“ಬಾಯಿ ತಪ್ಪಿ ನಾನು ಏನೂ ಹೇಳುವುದಿಲ್ಲ,” ಎಂದಳು ಜೆರ್ಟ್ರೂಡ್.

ಶಂಕರಪುರದ ಆ ಎರಡೂವರೆ ಎಕರೆ ಗದ್ದೆ ಮತ್ತು ಅದಕ್ಕೆ ನೀರುಣಿಸುವ ಕೆರೆಯಲ್ಲಿ ಅರ್ಧ ಲಿಗೋರಿಯದು, ಅರ್ಧ ತೀರಿಕೊಂಡ ಅಣ್ಣ ಪೀಟರನದು, ಅಂದರೆ ಈಗ ಜೆರ್ಟ್ರೂಡಳದು. ಗೇಯುವವನು ಮಾತ್ರ ದೂಮಪ್ಪ. ಅದು ಎಪ್ಪತ್ತಾರನೆಯ ಇಸವಿ. ಊರಿನ ಗೇಣಿದಾರರೆಲ್ಲ ಡಿಕ್ಲರೇಶನ್ ಕೊಟ್ಟು ತಾವು ಉಳುವ ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಿದ್ದರು. ದೂಮಪ್ಪ ಇನ್ನೂ ತುಟಿ ಬಿಚ್ಚಿರಲಿಲ್ಲ. ಆದರೆ ಲಿಗೋರಿ ಕಡಿಯಾಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಗಿರಾಕಿ ಬಾಯಿ ಬಿಡುವ ಮೊದಲೇ ಬಟ್ಟೆ ಬಿಚ್ಚಿ ಹರಡಿ ಅಭ್ಯಾಸ. ಕೆರೆ ಮನೆಯವರ ಬಳಕೆಯಲ್ಲೇ ಉಂಟೆಂದು ತೋರಿಸಿಬಿಟ್ಟರೆ, ನೀರಿಲ್ಲದ ಗದ್ದೆ ಕಟ್ಟಿಕೊಂಡು ದೂಮಪ್ಪ ಮಾಡುವುದಾದರೂ ಏನು? ಇನ್ನೊಬ್ಬರ ಕೆರೆಯಲ್ಲಿ ಯಾರಾದರೂ ಹೆಬ್ಬಾತು ಸಾಕುತ್ತಾರೆಯೇ?

ಲಿಗೋರಿಯನ್ನು ದುಷ್ಟ ಎನ್ನುವ ಹಾಗಿಲ್ಲ. ಅವನು ಈಜು ಕಲಿತದ್ದು ಅದೇ ಕೆರೆಯಲ್ಲಿ. ಅದು ಕೈಬಿಟ್ಟು ಹೋಗುತ್ತದೆ ಎಂದು ನೆನೆದರೆ ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಅದೇ ಕೆರೆಗೆ ದೂಮಪ್ಪನ ಹೊಟ್ಟೆಯ ನಂಟೂ ಉಂಟು ಎಂಬುದು ಅವನ ತಲೆಗೆ ಹೋಗಲಿಲ್ಲ, ಅಷ್ಟೆ.

ಆಗಸ್ಟಿನಲ್ಲಿ ಭೂನ್ಯಾಯ ಮಂಡಳಿಯ ನೋಟೀಸು ಬಂತು. ದೂಮಪ್ಪ ಡಿಕ್ಲರೇಶನ್ ಕೊಟ್ಟಿದ್ದಾನೆ, ಗದ್ದೆಗೂ ಕೆರೆಗೂ. ಲಿಗೋರಿ ಅಂಗಡಿಗೆ ಬೀಗ ಜಡಿದು ಶಂಕರಪುರಕ್ಕೆ ಓಡಿ ಬಂದ. ಜೆರ್ಟ್ರೂಡ್ ಬಾತುಗಳಿಗೆ ತೌಡು ಕಲಸುತ್ತಿದ್ದಳು.

“ಅವನ ತಲೆಗೆ ಹೊಳೆಯುವ ವಿಷಯವಲ್ಲ ಇದು. ಯಾರೋ ಪಕ್ಷದವರು ಕಿವಿ ಊದಿದ್ದಾರೆ,” ಎಂದ ಲಿಗೋರಿ. “ವೊನಿ, ಇನ್ನು ನೀವೇ ಗತಿ. ಇಪ್ಪತ್ತೆಂಟು ವರ್ಷ ಟೀಚರ್ ಆಗಿದ್ದವರು, ನಿಮ್ಮ ಮಾತಿಗೆ ತೂಕ ಉಂಟು. ಬಾತುಗಳು ಬಂದು ಆರು ವರ್ಷ ಆಯಿತು ಎನ್ನಿ. ಕೆರೆ ನಾವೇ ತೋಡಿಸಿದ್ದು ಎನ್ನಿ. ಹೆದರಬೇಡಿ.”

“ಹೆದರುವ ಪ್ರಾಯ ದಾಟಿತು ನನಗೆ.” ಆಕೆ ಕೈಯ ತೌಡು ಕೊಡವಿಕೊಂಡಳು. “ಈ ಕೆರೆ ಯಾರದ್ದೋ ಅವರ ಕೈ ತಪ್ಪಲು ನಾನು ಬಿಡುವವಳಲ್ಲ, ಲಿಗೋರಿ. ಯಾರು ಬಂದು ಕೇಳಿದರೂ ಸರಿ.”

ಅತ್ತಿಗೆಯೆಂದರೆ ಹೀಗಿರಬೇಕು ಎಂದುಕೊಂಡು ಲಿಗೋರಿ ನೆಮ್ಮದಿಯಿಂದ ಬಸ್ಸು ಹತ್ತಿದ.

ಅಕ್ಟೋಬರಿನಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ಫೈಲು ಹಿಡಿದು ಸ್ಥಳ ನೋಡಲು ಬಂದರು. ಲಿಗೋರಿಯೂ ಅಂಗಡಿ ಮುಚ್ಚಿ ಬಂದಿದ್ದ. ಏಳೂ ಹೆಬ್ಬಾತುಗಳು ಕಿರುಚುತ್ತ ಸುತ್ತುಗಟ್ಟಿದವು. ಅವರು ಫೈಲನ್ನೇ ಮೊಣಕಾಲಿಗೆ ಅಡ್ಡ ಹಿಡಿದರು. ಜೆರ್ಟ್ರೂಡ್ ಒಮ್ಮೆ ಗದರಿದಳು. ಹಕ್ಕಿಗಳು ಸಾಲಾಗಿ ನೀರಿಗಿಳಿದವು.

“ಒಳ್ಳೆ ಪಳಗಿಸಿದ್ದೀರಿ,” ಎಂದರು ಇನ್ಸ್‌ಪೆಕ್ಟರ್. “ಎಷ್ಟು ಕಾಲದಿಂದ ಉಂಟು ಇವು?”

“ಆರು,” ಎಂದಳು ಜೆರ್ಟ್ರೂಡ್. ಲಿಗೋರಿಯ ಎದೆ ಹಗುರಾಯಿತು. “ಆರು ತಿಂಗಳು. ಈಸ್ಟರ್ ಕಳೆದ ಮೇಲೆ ಇವನು ತಂದು ಬಿಟ್ಟ. ಕೆರೆ ತೋಡಿದ್ದು ದೂಮಪ್ಪನ ಅಪ್ಪ. ವರ್ಷ ವರ್ಷ ಕೆಸರು ತೆಗೆಯುವುದು ದೂಮಪ್ಪ. ಗೇಣಿ ತಪ್ಪದೆ ತೆಗೆದುಕೊಂಡದ್ದು ನಾವು. ಹೀಗೆಯೇ ಬರೆದುಕೊಳ್ಳಿ.”

ಲಿಗೋರಿ ನಡುವೆ ಬಾಯಿ ಹಾಕಿದ. “ವೊನಿಗೆ ಪ್ರಾಯ ಆಯಿತು ಸರ್, ಮರೆವು...”

“ಮರೆವು ನನಗಿಲ್ಲ. ಅರ್ಧ ನನ್ನದೂ ಹೋಗುತ್ತದೆ, ಅದೂ ಗೊತ್ತುಂಟು.” ಆಕೆಯ ದನಿ ಗಟ್ಟಿಯಾಯಿತು. “ಇಷ್ಟು ವರ್ಷ ಅವನು ಹೊತ್ತು ತಂದ ಅಕ್ಕಿ ಉಂಡಿದ್ದೇನೆ. ಇನ್ನು ಅವನ ಎದುರೇ ಸುಳ್ಳು ಹೇಳಿ ಅನ್ನ ನುಂಗಲು ನನ್ನಿಂದ ಆಗುವುದಿಲ್ಲ.”

“ಹಾಗಾದರೆ ಬಾತುಗಳನ್ನು ಈಗಲೇ ಕೊಂಡುಹೋಗುತ್ತೇನೆ.”

“ಮುಟ್ಟಿ ನೋಡು. ಸಾಕಿದ್ದು ನಾನು. ಕೆರೆಯಲ್ಲಿ ಇಡಬಹುದೋ ಎಂದು ದೂಮಪ್ಪನನ್ನು ಕೇಳುತ್ತೇನೆ, ನಿನ್ನನ್ನಲ್ಲ.”

ಇಷ್ಟು ಹೊತ್ತು ಗದ್ದೆಯ ಬದುವಿನಲ್ಲಿ ಕೈಕಟ್ಟಿ ನಿಂತಿದ್ದ ದೂಮಪ್ಪ ತಲೆ ತಗ್ಗಿಸಿದ. “ಇರಲಿ ಬಾಯಮ್ಮ.”

ಲಿಗೋರಿಗೆ ಎಲ್ಲ ಅರ್ಥವಾದಂತಾಯಿತು. ಒಂಟಿ ಹೆಂಗಸು, ದೂಮಪ್ಪನ ಕಡೆಯವರು ನೋಟೀಸು ಬಂದ ಮೇಲೆ ಸುತ್ತುಗಟ್ಟಿ ಹೆದರಿಸಿದ್ದಾರೆ. ಇಲ್ಲದಿದ್ದರೆ ಮನೆಯವಳೇ ಹೀಗೆ ಮಾತು ಮಗುಚುತ್ತಿದ್ದಳೇ? ಮಂಡಳಿಯ ಎದುರು ಇದನ್ನೇ ಹೇಳಿದರಾಯಿತು ಎಂದು ಧೈರ್ಯ ತಂದುಕೊಂಡು, “ಆ ಡಿಕ್ಲರೇಶನ್ ಒಮ್ಮೆ ತೋರಿಸಿ ಸರ್. ಬರೆಸಿದವರು ಯಾರೆಂದು ನಾನೂ ನೋಡುತ್ತೇನೆ,” ಎಂದ.

ಇನ್ಸ್‌ಪೆಕ್ಟರ್ ಫೈಲು ತೆರೆದು ಹಿಡಿದರು. ತಾರೀಖು ಫೆಬ್ರವರಿಯದು, ಹೆಬ್ಬಾತುಗಳು ಬರುವುದಕ್ಕೂ ಎರಡು ತಿಂಗಳು ಹಿಂದಿನದು. ಕೊನೆಯಲ್ಲಿ ದೂಮಪ್ಪನ ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ ಅರ್ಜಿ ಬರೆದುಕೊಟ್ಟವರ ದುಂಡಗಿನ ಸಹಿ: ಜೆರ್ಟ್ರೂಡ್ ಮತಾಯಸ್.